ಗುಳೆ ಹೋದವರ ಅಡುಗೆ: ಸೊಕ್ಕೆಯಿಂದ ಒಂದು ಥಾಯ್ ಹೋಟೆಲಿನವರೆಗೆ

ಸೊಕ್ಕೆಯಿಂದ ಬೆಂಗಳೂರಿಗೆ ಹೊರಟಾಗಲೆಲ್ಲ ಅವ್ವ ಬುತ್ತಿ ಕಟ್ಟಿಕೊಡುತ್ತಾಳೆ. ಒಣಗಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಸಿಮೆಣಸಿನಕಾಯಿ ಕುಟ್ಟಿದ ಖಾರ. ಹೋದ ಸಲ ಆ ಬುತ್ತಿ ಮುಗಿದ ಮೂರನೇ ದಿನ ಗೆಳೆಯನೊಬ್ಬ, 'ಬಾ, ಇವತ್ತು ಹೊಸದೇನಾದ್ರೂ ತಿನ್ನೋಣ' ಎಂದು ಕಮ್ಮನಹಳ್ಳಿ ಕಡೆಯ ಅಡ್ಡರಸ್ತೆಯೊಂದರ ಥಾಯ್ ಹೋಟೆಲಿಗೆ ಕರೆದುಕೊಂಡು ಹೋದ. ಎಂಟು ಮೇಜಿನ ಸಣ್ಣ ಹೋಟೆಲು. ಒಂದು ಕಡೆ ಮೊಬೈಲ್ ರಿಪೇರಿ ಅಂಗಡಿ, ಇನ್ನೊಂದು ಕಡೆ ಇಸ್ತ್ರಿ ಅಂಗಡಿ. ಸಂಜೆ ಹೊತ್ತಿಗೆ ಆ ಬೀದಿಯವರೇ ಬಂದು ಉಂಡು ಹೋಗುವ ಜಾಗ. ಪಟ್ಟಿಯಲ್ಲಿದ್ದ ಹೆಸರುಗಳು ನನಗೆ ಒಂದೂ ಗೊತ್ತಿರಲಿಲ್ಲ. ಗೆಳೆಯನೇ ಹೇಳಿದ.

ಮೊದಲು ಬಂದದ್ದು 'ಸೋಮ್ ತಾಮ್'. ಎಳೆ ಎಳೆಯಾಗಿ ತುರಿದ ಹಸಿ ಪರಂಗಿಕಾಯಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಶೇಂಗಾ, ಹುಳಿ, ಒಂಚೂರು ಬೆಲ್ಲ. ಒಂದು ತುತ್ತು ಬಾಯಿಗೆ ಇಟ್ಟೆ. ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು. ಆದರೆ ಅಪರಿಚಿತ ಅನ್ನಿಸಲಿಲ್ಲ. ಮೀನಿನ ಸಾರದ ವಾಸನೆ ಒಂದನ್ನು ತೆಗೆದರೆ ಇದು ಅವ್ವನ ಕುಟ್ಟಾಣಿಯಿಂದಲೇ ಬಂದದ್ದು ಅನ್ನುವಷ್ಟು ಹತ್ತಿರದ ರುಚಿ.

ಬಡಿಸಲು ಬಂದ ಹುಡುಗನನ್ನು, 'ನೀವು ಥಾಯ್ಲೆಂಡಿನವರಾ?' ಎಂದು ಕೇಳಿದೆ. ಅವನು ನಕ್ಕ. 'ಇಲ್ಲ ಅಣ್ಣ, ಮಣಿಪುರ' ಎಂದ. ಅಡುಗೆ ಮಾಡುವವನೂ ಅವನ ಊರಿನ ಕಡೆಯವನೇ. 'ನಮ್ಮ ಕಡೆ ಸಿಂಗ್ಜು ಅಂತ ಮಾಡ್ತೀವಿ, ಹಿಂಗೇ ಇರುತ್ತೆ. ಅದಕ್ಕೇ ಇದನ್ನ ಕಲಿಯೋದು ಕಷ್ಟ ಆಗ್ಲಿಲ್ಲ' ಎಂದು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಹೇಳಿದ.

ಥಾಯ್ಲೆಂಡಿನ ಹೆಸರಿನ ಹೋಟೆಲು, ಮಣಿಪುರದ ಅಡುಗೆಯವನು, ಜಗಳೂರು ತಾಲ್ಲೂಕಿನ ಗಿರಾಕಿ. ಮೂವರನ್ನೂ ಒಂದೇ ಕೋಣೆಗೆ ತಂದು ಕೂರಿಸಿದ್ದು ಏನು ಎಂದು ಆಮೇಲೆ ಓದುತ್ತಾ ಹೋದೆ. ಓದಿದಷ್ಟೂ ಕಂಡದ್ದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಒಂದೇ ಪದ: ಗುಳೆ.

ಇಬ್ಬರಿಗೂ ಪರಂಗಿ

ಮೊದಲು ತಟ್ಟೆಯಲ್ಲಿ ಇದ್ದದ್ದನ್ನೇ ನೋಡೋಣ. ಮೆಣಸಿನಕಾಯಿ, ಶೇಂಗಾ, ಪರಂಗಿ ಮೂರೂ ಅಮೆರಿಕ ಖಂಡದವು. 1492ರಲ್ಲಿ ಕೊಲಂಬಸ್ ಆ ಕಡೆ ಹೋಗುವವರೆಗೆ ಈ ಮೂರರಲ್ಲಿ ಒಂದನ್ನೂ ನಮ್ಮ ಹಿರಿಯರು ಕಂಡಿರಲಿಲ್ಲ, ಥಾಯ್ ಜನರ ಹಿರಿಯರೂ ಕಂಡಿರಲಿಲ್ಲ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವಾ ಹಿಡಿದರು, ಮರುವರ್ಷ ಮಲಕ್ಕಾ ಹಿಡಿದರು. ಅಲ್ಲಿಂದಲೇ ಥಾಯ್ ರಾಜರ ರಾಜಧಾನಿ ಅಯುತ್ಥಯಕ್ಕೆ ದೂತನನ್ನು ಕಳಿಸಿದರು. ಹೊಸ ಬೆಳೆಗಳು ಅವರ ಹಡಗುಗಳಲ್ಲಿ, ಅವರ ವ್ಯಾಪಾರದ ದಾರಿಯಲ್ಲಿ ನಮ್ಮ ಕಡೆಗೂ ಆ ಕಡೆಗೂ ಹರಡಿದವು.

ಅದಕ್ಕೆ ಮೊದಲು ಖಾರಕ್ಕೆ ಏನಿತ್ತು? ಮೆಣಸು ಇತ್ತು, ಶುಂಠಿ, ಹಿಪ್ಪಲಿ ಇದ್ದವು. ಸುಮಾರು 1508ರಲ್ಲಿ ಮೂರನೇ ಮಂಗರಸ ಬರೆದ 'ಸೂಪಶಾಸ್ತ್ರ' ಕನ್ನಡದ ದೊಡ್ಡ ಅಡುಗೆ ಗ್ರಂಥ. ಪೂರ್ತಿ ಷಟ್ಪದಿಯಲ್ಲಿದೆ. ಅದರಲ್ಲಿ ಬದನೆಕಾಯಿಯ ಅಡುಗೆ ಬಗೆಬಗೆಯಾಗಿ ಬರುತ್ತದೆ, ಮೆಣಸಿನಕಾಯಿ ಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಇವತ್ತು ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದು ನಮ್ಮದೇ ಎಂದು ಹೆಮ್ಮೆ ಪಡುತ್ತೇವೆ, ಪಡಬೇಕು ಕೂಡ. ಆದರೆ ಮಂಗರಸನ ಅಡುಗೆಮನೆಯಲ್ಲಿ ಅದು ಇರಲಿಲ್ಲ.

ಹೊಸ ಗಿಡ ಊರಿಗೆ ಬಂದಾಗ ಜನ ಅದಕ್ಕೆ ಹಳೆ ಹೆಸರನ್ನೇ ಹಚ್ಚುತ್ತಾರೆ. ನಾವು ಮೆಣಸಿನ ಹೆಸರನ್ನು ಮೆಣಸಿನಕಾಯಿಗೆ ಕೊಟ್ಟೆವು. ಆಮೇಲೆ ಗೊಂದಲ ಆಯಿತು. ಮನೆಯ ಹಳೆ ಮೆಣಸಿಗೆ 'ಕರಿಮೆಣಸು', 'ಒಳ್ಳೆ ಮೆಣಸು' ಎಂದು ಬೇರೆ ಗುರುತು ಹೇಳಬೇಕಾಯಿತು. ಥಾಯ್ ಭಾಷೆಯಲ್ಲೂ ಇದೇ ಆಗಿದೆ. ಅಲ್ಲಿ ಮೆಣಸಿನಕಾಯಿಗೆ 'ಫ್ರಿಕ್' ಎನ್ನುತ್ತಾರೆ. ಕರಿಮೆಣಸಿಗೆ 'ಫ್ರಿಕ್ ಥಾಯ್', ಅಂದರೆ ಥಾಯ್ ಫ್ರಿಕ್. ಹೊರಗಿನಿಂದ ಬಂದವನು ಮನೆಯ ಹೆಸರು ಇಟ್ಟುಕೊಂಡ, ಮನೆಯವನು 'ನಾನು ಇಲ್ಲಿಯವನು' ಎಂದು ಹೇಳಿಕೊಂಡು ತಿರುಗುವ ಹಾಗಾಯಿತು.

ಪರಂಗಿಯ ಕತೆ ಇನ್ನೂ ಚೆಂದ. ಪರಂಗಿ ಎಂದರೆ ಫರಂಗಿ, ಪರದೇಶದವನು. ಹಣ್ಣಿನ ಹೆಸರಿನಲ್ಲೇ ನಾವು ಅದು ಎಲ್ಲಿಂದ ಬಂತೆಂದು ಬರೆದಿಟ್ಟಿದ್ದೇವೆ. ಥಾಯ್ ಜನರೂ ಬಿಳಿಯರನ್ನು 'ಫರಾಂಗ್' ಎನ್ನುತ್ತಾರೆ. ಆದರೆ ಅವರು ಆ ಹೆಸರನ್ನು ಇಟ್ಟದ್ದು ಸೀಬೆಹಣ್ಣಿಗೆ. ಆಲೂಗಡ್ಡೆಗೆ ಅವರಲ್ಲಿ 'ಮನ್ ಫರಾಂಗ್', ಫರಂಗಿ ಗೆಡ್ಡೆ. ಒಂದೇ ಪದ ಎರಡು ದೇಶಗಳಲ್ಲಿ ಬೇರೆ ಬೇರೆ ಹಣ್ಣಿನ ಮೇಲೆ ಹೋಗಿ ಕೂತಿದೆ.

ಹಾಗಾಗಿ ಆ ತಟ್ಟೆಯ ರುಚಿ ನನಗೆ ಹತ್ತಿರ ಅನ್ನಿಸಿದ್ದರಲ್ಲಿ ಪವಾಡವೇನಿಲ್ಲ. ಒಂದೇ ಹಡಗಿನ ಸರಕು ಎರಡು ದಡಗಳಲ್ಲಿ ಇಳಿದಿತ್ತು, ಅಷ್ಟೆ.

ಅವರದೊಂದು ಬಯಲುಸೀಮೆ

ಆದರೆ ಸೋಮ್ ತಾಮ್ ಎಲ್ಲ ಥಾಯ್ ಜನರ ಅಡುಗೆ ಆಗಿರಲಿಲ್ಲ. ಅದು ಮುಖ್ಯವಾಗಿ ಆ ದೇಶದ ಈಶಾನ್ಯ ಭಾಗದ, 'ಇಸಾನ್' ಎಂದು ಕರೆಯುವ ಸೀಮೆಯ, ಪಕ್ಕದ ಲಾವೋಸಿನ ಅಡುಗೆ. 'ಸೋಮ್' ಎಂದರೆ ಹುಳಿ, 'ತಾಮ್' ಎಂದರೆ ಕುಟ್ಟು. ಮಣ್ಣಿನ ಒರಳಿನಲ್ಲಿ ಕಟ್ಟಿಗೆಯ ಒನಕೆಯಿಂದ ಕುಟ್ಟಿ ಮಾಡುತ್ತಾರೆ.

ಇಸಾನ್ ಬಗ್ಗೆ ಓದುವಾಗ ಜಗಳೂರಿನ ಬಗ್ಗೆ ಓದಿದ ಹಾಗೇ ಅನ್ನಿಸಿತು. ಕೊರಾಟ್ ಎಂಬ ಪ್ರಸ್ಥಭೂಮಿ, ಮರಳು ಮಣ್ಣು, ಅಲ್ಲಲ್ಲಿ ಉಪ್ಪು ಏಳುವ ನೆಲ, ನಂಬಲಾಗದ ಮಳೆ. ಅಲ್ಲಿ ಮಳೆ ನಮಗಿಂತ ಜಾಸ್ತಿಯೇ ಬೀಳುತ್ತದೆ, ಆದರೆ ಬೇಕಾದಾಗ ಬೀಳುವುದಿಲ್ಲ, ಬಿದ್ದದ್ದು ಮಣ್ಣಿನಲ್ಲಿ ನಿಲ್ಲುವುದಿಲ್ಲ. ದೇಶದ ಜನರಲ್ಲಿ ಮೂರರಲ್ಲಿ ಒಬ್ಬರು ಆ ಸೀಮೆಯವರು. ಬಡತನದ ಲೆಕ್ಕದಲ್ಲೂ ಆ ಸೀಮೆಯದೇ ದೊಡ್ಡ ಪಾಲು. ಅವರು ಉಣ್ಣುವುದು ಅಂಟಕ್ಕಿ ಅನ್ನ. ಅದನ್ನು ಚಮಚದಲ್ಲಿ ತಿನ್ನುವುದಿಲ್ಲ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಖಾರಕ್ಕೆ ಅದ್ದಿ ತಿನ್ನುತ್ತಾರೆ. ನಾವು ಮುದ್ದೆ ಮುರಿದು ಸಾರಿಗೆ ಅದ್ದಿದ ಹಾಗೆ.

1958ರಲ್ಲಿ ಅಮೆರಿಕದ ನೆರವಿನಿಂದ ಆ ಸೀಮೆಗೆ ಹೆದ್ದಾರಿಯೊಂದು ಆಯಿತು. ಅದರ ಹೆಸರು 'ಮಿತ್ರಫಾಪ್', ಸ್ನೇಹದ ರಸ್ತೆ. ಹೆಸರಿನ ಮೊದಲ ಭಾಗ ನಮ್ಮ 'ಮಿತ್ರ'ನೇ. ಕಮ್ಯುನಿಸ್ಟರನ್ನು ತಡೆಯಲು ಸೈನ್ಯ ಸಾಗಿಸುವ ಯೋಚನೆಯೂ ಆ ರಸ್ತೆಯ ಹಿಂದೆ ಇತ್ತು. ಸೈನ್ಯ ಆ ಕಡೆ ಹೋಯಿತು, ಜನ ಈ ಕಡೆ ಬಂದರು. ಗದ್ದೆ ಕೆಲಸ ಮುಗಿದ ಮೇಲೆ ಬ್ಯಾಂಕಾಕಿಗೆ ಬಸ್ ಹತ್ತುವುದು ಅಲ್ಲಿನ ಊರುಗಳ ವಾಡಿಕೆ ಆಯಿತು. ಗಂಡಸರು ಕಟ್ಟಡ ಕೆಲಸಕ್ಕೆ, ಸೈಕಲ್ ರಿಕ್ಷಾ ತುಳಿಯಲು, ಆಮೇಲೆ ಟ್ಯಾಕ್ಸಿ ಓಡಿಸಲು. ಹೆಂಗಸರು ಕಾರ್ಖಾನೆಗೆ, ಮನೆಗೆಲಸಕ್ಕೆ. ಕೆಲವರು ರಸ್ತೆ ಬದಿಯಲ್ಲಿ ಒರಳು ಇಟ್ಟುಕೊಂಡು ಕೂತರು. ತಮ್ಮ ಊರಿನ ಕೂಲಿಗಳಿಗೆ ತಮ್ಮ ಊರಿನ ಖಾರ ಕುಟ್ಟಿಕೊಟ್ಟರು.

ಬ್ಯಾಂಕಾಕಿನ ದೊಡ್ಡವರಿಗೆ ಮೊದಮೊದಲು ಆ ಅಡುಗೆ ಅಂದರೆ ಮೂಗು ಮುರಿಯುವ ಸಂಗತಿ. ಕೊಳೆಸಿದ ಮೀನಿನ ವಾಸನೆ, ಹಳ್ಳಿಗರ ತಿಂಡಿ ಎಂಬ ಮಾತು. ಆಮೇಲೆ ಅವರ ನಾಲಿಗೆಗೂ ಅದು ಹತ್ತಿತು. ಬೆಲ್ಲ ಹೆಚ್ಚಾಯಿತು, ಶೇಂಗಾ ಬಂತು, ಮೀನಿನ ವಾಸನೆ ತಗ್ಗಿತು. ಇವತ್ತು ಪ್ರಪಂಚದ ಯಾವ ಮೂಲೆಯ ಥಾಯ್ ಹೋಟೆಲಿಗೆ ಹೋದರೂ ಪಟ್ಟಿಯಲ್ಲಿ ಸೋಮ್ ತಾಮ್ ಇರುತ್ತದೆ. ಅದನ್ನು ಒಂದು ಕಾಲಕ್ಕೆ ಕೂಲಿಗಳ ತಿಂಡಿ ಎಂದು ತಳ್ಳಿದ್ದರು ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ.

ಒಂದು ಯುದ್ಧ, ಎರಡು ತಿಂಡಿ

ನಾವು ಎರಡನೆಯದಾಗಿ ತರಿಸಿದ್ದು 'ಪಾದ್ ಥಾಯ್'. ಅಕ್ಕಿ ಶಾವಿಗೆಯನ್ನು ಹುಣಸೆಹುಳಿ, ಮೊಟ್ಟೆ, ಶೇಂಗಾ ಹಾಕಿ ಬಾಣಲೆಯಲ್ಲಿ ಹುರಿದದ್ದು. ಹೆಸರಿನಲ್ಲೇ 'ಥಾಯ್' ಇದೆ. ಆದರೆ ಶಾವಿಗೆ, ಬಾಣಲೆ ಎರಡೂ ಅಲ್ಲಿಗೆ ವಲಸೆ ಬಂದ ಚೀನೀಯರದು. ಹಾಗಿದ್ದ ಮೇಲೆ 'ಥಾಯ್' ಎಂಬ ಹೆಸರು ಯಾಕೆ?

1938ರಲ್ಲಿ ಫಿಬುನ್ ಸೊಂಗ್‌ಖ್ರಾಮ್ ಎಂಬ ಸೈನ್ಯಾಧಿಕಾರಿ ಅಲ್ಲಿ ಪ್ರಧಾನಿ ಆದ. ಮರುವರ್ಷ ಸಯಾಮ್ ಎಂಬ ದೇಶದ ಹೆಸರನ್ನು ಥಾಯ್ಲೆಂಡ್ ಎಂದು ಬದಲಿಸಿದ. ಜನ ಏನು ತೊಡಬೇಕು, ಹೇಗೆ ನಮಸ್ಕರಿಸಬೇಕು, ಏನು ತಿನ್ನಬೇಕು ಎಂಬುದಕ್ಕೆಲ್ಲ ಸರ್ಕಾರದ ಆಜ್ಞೆ ಬಂದವು. ಯುದ್ಧದ ಕಾಲದಲ್ಲಿ ಶಾವಿಗೆ ತಿನ್ನಿ ಎಂಬ ಪ್ರಚಾರ ನಡೆಯಿತು. ಶಾವಿಗೆ ಮಾರಿದರೆ ಬಡವನಿಗೆ ಕೆಲಸ ಸಿಗುತ್ತದೆ, ತಿಂದವನಿಗೆ ಶಕ್ತಿ ಬರುತ್ತದೆ, ಅಕ್ಕಿಯೂ ಉಳಿಯುತ್ತದೆ ಎಂಬ ಲೆಕ್ಕ. ಪಾದ್ ಥಾಯ್ ಹರಡಿದ್ದು ಆ ಕಾಲದಲ್ಲಿ. ಚೀನಾದ ತಿಂಡಿಗೆ ದೇಶದ ಹೆಸರು ಹಚ್ಚಿ ದೇಶದ ತಿಂಡಿ ಮಾಡಿದರು. ಅದೇ ಕಾಲದಲ್ಲಿ ಅಲ್ಲಿನ ಚೀನೀ ವಲಸಿಗರ ಮೇಲೆ ಹಲವು ಕಟ್ಟುಪಾಡುಗಳೂ ಬಂದವು. ವಲಸಿಗನ ಅಡುಗೆ ಬೇಕು, ವಲಸಿಗ ಬೇಡ. ಈ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಅದೇ ಯುದ್ಧ ಬೆಂಗಳೂರಿನ ತಟ್ಟೆಯನ್ನೂ ಬದಲಿಸಿತು. 1942ರಲ್ಲಿ ಜಪಾನ್ ಸೈನ್ಯ ಬರ್ಮಾ ಹಿಡಿದ ಮೇಲೆ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಗೆ ತತ್ವಾರ ಬಂದಾಗ ಇಡ್ಲಿಗೆ ರವೆ ಹಾಕಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಬೆಂಗಳೂರಿನ ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. ಆ ಜಪಾನ್ ಸೈನ್ಯ ಬರ್ಮಾಕ್ಕೆ ಹೋದದ್ದು ಥಾಯ್ಲೆಂಡಿನ ನೆಲದ ಮೇಲೆ ಹಾದು. ಒಂದೇ ಯುದ್ಧದಲ್ಲಿ ಬ್ಯಾಂಕಾಕಿನಲ್ಲಿ ಶಾವಿಗೆ ಬಾಣಲೆಗೆ ಬಿತ್ತು, ಬೆಂಗಳೂರಿನಲ್ಲಿ ರವೆ ಇಡ್ಲಿ ತಟ್ಟೆಗೆ ಬಿತ್ತು.

ನಮ್ಮ ಹೋಟೆಲುಗಳ ಹಿಂದೆ ಯಾರಿದ್ದರು?

ಎಂಟಿಆರ್ ಕಟ್ಟಿದವರೂ ಊರು ಬಿಟ್ಟು ಬಂದವರೇ. ಉಡುಪಿ ಸೀಮೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಅದನ್ನು ಶುರುಮಾಡಿದರು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದ ಕೆ. ಕೃಷ್ಣರಾವ್ ಕೂಡ ಆ ಕಡೆಯವರು. ಹುಡುಗನಾಗಿದ್ದಾಗ ಬೇರೆಯವರ ಅಡುಗೆಮನೆಯಲ್ಲಿ ರುಬ್ಬುವ ಕೆಲಸ ಮಾಡಿ ಮೇಲೆ ಬಂದವರು. ಇವತ್ತು ದೇಶದ ಯಾವ ಊರಿನಲ್ಲಿ 'ಉಡುಪಿ ಹೋಟೆಲ್' ಎಂಬ ಬೋರ್ಡು ಕಂಡರೂ ಅದರ ಹಿಂದೆ ಮನೆ ಬಿಟ್ಟು ಬಂದ ಹುಡುಗನೊಬ್ಬ ಇದ್ದಾನೆ ಎಂದೇ ಲೆಕ್ಕ.

ನಮ್ಮ ಜಿಲ್ಲೆಯ ಹೆಸರನ್ನು ಹೊರಗಿನವರ ನಾಲಿಗೆಯ ಮೇಲೆ ಕೂರಿಸಿದ ಬೆಣ್ಣೆದೋಸೆಯದೂ ಬೇರೆ ಕತೆಯಲ್ಲ. ದಾವಣಗೆರೆಯಲ್ಲಿ ಹೇಳುವ ಪ್ರಕಾರ 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬ ತಾಯಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಬಂದರು. ನಾಟಕದ ಥಿಯೇಟರಿನ ಮುಂದೆ ದೋಸೆ ಹೊಯ್ದು ಮಾರಿದರು. ಮೊದಲು ಹೊಯ್ದದ್ದು ರಾಗಿ ಹಿಟ್ಟಿನ ದೋಸೆ. ಅಕ್ಕಿ ಹಿಟ್ಟು, ಮೇಲೆ ಬೆಣ್ಣೆ ಆಮೇಲೆ ಬಂದವು. ಅವರ ಮಕ್ಕಳ ಕಾಲಕ್ಕೆ ಅದು ಹೋಟೆಲ್ ಆಯಿತು. ನಾಟಕ ನೋಡಲು ಬಂದವರು, ಹತ್ತಿ ಗಿರಣಿಯ ಕೂಲಿಗಳು, ಅಡತಿ ಅಂಗಡಿಗೆ ಮಾಲು ತಂದ ರೈತರು ಇದ್ದ ಊರು ಅದು. ಹಸಿದವರಿದ್ದ ಕಡೆ ಒಲೆ ಹೂಡಿದ ಒಬ್ಬ ಹೆಣ್ಣುಮಗಳ ಧೈರ್ಯದಿಂದ ಒಂದು ನಗರಕ್ಕೆ ಹೆಸರು ಬಂತು.

ನಮ್ಮ ಭಾಗಕ್ಕೆ ಮನೆಯ ಹೊರಗೆ ಉಣ್ಣುವುದರ ಇನ್ನೊಂದು ಹಳೆ ನೆನಪೂ ಇದೆ. ಅದು ಸುಖದ್ದಲ್ಲ. 1876ರಿಂದ 78ರವರೆಗಿನ ಬರ, ಹಿರಿಯರ ಬಾಯಲ್ಲಿ ಧಾತು ಸಂವತ್ಸರದ ಬರ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮೇಲೆ ಜನ ಇದ್ದರು. 1881ರಲ್ಲಿ ಉಳಿದವರು ಸುಮಾರು 42 ಲಕ್ಷ. ಆಗ ಸರ್ಕಾರ ಗಂಜಿ ಕೇಂದ್ರಗಳನ್ನು ತೆರೆಯಿತು. ಹಸಿವಿನಿಂದ ಸಾಯುತ್ತಿದ್ದರೂ ಬೇಯಿಸಿದವರು ಯಾರು, ಪಕ್ಕದಲ್ಲಿ ಕೂತವರು ಯಾರು ಎಂದು ನೋಡಿ ಗಂಜಿ ಬೇಡ ಎಂದವರು ಇದ್ದರು ಎಂಬುದು ಆ ಕಾಲದ ಬರದ ದಾಖಲೆಗಳಲ್ಲಿ ಇದೆ. ಸಾವು ಎದುರಿಗೆ ನಿಂತಾಗಲೂ ಜಾತಿ ಪಂಕ್ತಿ ಬಿಟ್ಟು ಏಳಲಿಲ್ಲ.

ಬೆಂಚು

ಹೋಟೆಲಿನ ಚರಿತ್ರೆ ಬರೆಯುವವರು ತಿಂಡಿಯ ಬಗ್ಗೆ ಬರೆಯುತ್ತಾರೆ. ಬೆಂಚಿನ ಬಗ್ಗೆ ಬರೆಯುವುದು ಕಡಿಮೆ. ಬೆಂಚಿನ ಮೇಲೆ ಯಾರು ಕೂತರು, ಯಾರು ಹೊರಗೆ ನಿಂತರು?

ಎಂಟಿಆರ್ ಶುರುವಾದಾಗ ಅದರ ಹೆಸರು 'ಬ್ರಾಹ್ಮಣರ ಕಾಫಿ ಕ್ಲಬ್'. ಆ ಕಾಲದ ಎಷ್ಟೋ ಹೋಟೆಲುಗಳ ಹೆಸರಿನಲ್ಲಿ ಜಾತಿ ಇತ್ತು. ಮೈಸೂರು ಸಂಸ್ಥಾನ 1943ರಲ್ಲೇ ಅಸ್ಪೃಶ್ಯರ ನಾಗರಿಕ ಅಡೆತಡೆಗಳನ್ನು ತೆಗೆಯುವ ಕಾಯ್ದೆ ಮಾಡಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 15ನೇ ವಿಧಿಯಲ್ಲಿ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳಿಗೆ ಹೋಗಲು ಯಾರಿಗೂ ಜಾತಿಯ ಕಾರಣಕ್ಕೆ ತಡೆ ಇರಕೂಡದು ಎಂದು ಬಿಡಿಸಿ ಬರೆದಿದೆ. ದೇಶದ ಅತಿ ದೊಡ್ಡ ಗ್ರಂಥದಲ್ಲಿ ಹೋಟೆಲಿನ ಹೆಸರು ಯಾಕೆ ಬಂತು ಎಂಬುದನ್ನು ಹೊರಗೆ ನಿಂತವರನ್ನೇ ಕೇಳಬೇಕು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದು, ಹಾಗೆ ತಡೆಯುವುದು ಶಿಕ್ಷೆಯ ಅಪರಾಧ ಆಯಿತು.

ಅಪ್ಪ ಹುಟ್ಟಿದ್ದು ಈ ಕಾಯ್ದೆಗಳೆಲ್ಲ ಬಂದ ಮೇಲೆ. ಆದರೂ ಚಿಕ್ಕವನಿದ್ದಾಗ ಕೂಲಿಗೆ ಹೋಗುತ್ತಿದ್ದ ಊರೊಂದರಲ್ಲಿ, ಊರಿನ ಹೆಸರು ಬೇಡ, ಚಹಾದಂಗಡಿಯ ಹೊರಗೆ ಗೋಡೆಯ ಗೂಡಿನಲ್ಲಿ ಬೇರೆ ಲೋಟ ಇರುತ್ತಿತ್ತಂತೆ. ತಾನೇ ತೊಳೆದು ಹಿಡಿಯಬೇಕು, ಮೇಲಿನಿಂದ ಹೊಯ್ಯುತ್ತಾರೆ, ನಿಂತು ಕುಡಿದು ತೊಳೆದು ಗೂಡಿಗೆ ಇಡಬೇಕು. ರೊಕ್ಕ ಮಾತ್ರ ಎಲ್ಲರದೂ ಒಂದೇ.

'ಮೊದಲನೇ ಸಲ ಹೋಟೆಲ್ ಬೆಂಚಿನ ಮ್ಯಾಲೆ ಕುಂತು ಚಾ ಕುಡಿದಿದ್ದು ಬೆಂಗಳೂರಾಗೆ ಕಣಪ್ಪ' ಎನ್ನುತ್ತಾನೆ ಅಪ್ಪ. ಮಳೆ ಕೈಕೊಟ್ಟ ವರ್ಷ ಮೇಸ್ತ್ರಿಯೊಬ್ಬ ಲಾರಿಯಲ್ಲಿ ಕರೆದುಕೊಂಡು ಹೋಗಿದ್ದನಂತೆ. ಇಟ್ಟಿಗೆ ಹೊರುವ ಕೆಲಸ. ರಸ್ತೆ ದಾಟಿದರೆ ಸಣ್ಣ ಹೋಟೆಲು. 'ಯಾರೂ ಏನೂ ಕೇಳಲಿಲ್ಲ. ಬಾ ಕುತ್ಕೋ ಅಂದ್ರು. ಲೋಟ ಟೇಬಲ್ ಮ್ಯಾಲೆ ಇಟ್ರು. ನಾನು ಕುಡಿದು ತೊಳಿಯಾಕೆ ಹೋದೆ. ಅಲ್ಲೇ ಇಡಪ್ಪ ಅಂದ್ರು.'

ಗುಳೆ ಎಂದರೆ ನಮ್ಮ ಕಡೆ ಕಣ್ಣೀರಿನ ಮಾತು. ಮನೆಗೆ ಬೀಗ, ಮಕ್ಕಳ ಶಾಲೆ ಬಿಡಿಸುವುದು, ಮುದುಕರನ್ನು ಊರಲ್ಲಿ ಬಿಟ್ಟು ಹೋಗುವುದು. ಅದು ಸುಳ್ಳಲ್ಲ. ಆದರೆ ಊರು ಕೊಡದ ಬೆಂಚನ್ನು ಅಪ್ಪನಿಗೆ ಕೊಟ್ಟದ್ದೂ ಅದೇ ಗುಳೆ. ಎರಡನ್ನೂ ಒಟ್ಟಿಗೆ ಹೇಳದೆ ಹೋದರೆ ಚರಿತ್ರೆ ಅರ್ಧವೇ ಆಗುತ್ತದೆ.

ಅಡುಗೆ ಬೇಕು, ಅಡುಗೆಯವನು?

ನಗರ ಜಾತಿ ಕೇಳಲಿಲ್ಲ ಎಂದು ಅಲ್ಲಿಗೇ ಬಿಟ್ಟರೆ ಅದೂ ಅರ್ಧ ಸತ್ಯವೇ. ನಗರಕ್ಕೆ ತನ್ನದೇ ಬೇರೆ ಪ್ರಶ್ನೆಗಳಿವೆ. ಅದು ಕೆಲವರ ಮುಖ ನೋಡುತ್ತದೆ.

2012ರ ಆಗಸ್ಟ್ ನೆನಪಿದೆಯೇ? ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆಗಳಾಗಿದ್ದವು. ಅದಕ್ಕೆ ಸೇಡು ತೀರಿಸಿಕೊಳ್ಳಲು ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಎಂಬ ಗಾಳಿಸುದ್ದಿ ಮೊಬೈಲ್ ಸಂದೇಶಗಳಲ್ಲಿ ಹರಿದಾಡಿತು. ಸ್ವಾತಂತ್ರ್ಯ ದಿನಾಚರಣೆಯ ಸಂಜೆಯಿಂದ ಬೆಂಗಳೂರು ರೈಲು ನಿಲ್ದಾಣದಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಸೇರಿದರು. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಸರ್ಕಾರದವರು ಬಂದು 'ಹೋಗಬೇಡಿ, ನಾವಿದ್ದೇವೆ' ಎಂದರು. ಕೇಂದ್ರ ಸರ್ಕಾರ ದೇಶದಾದ್ಯಂತ 15 ದಿನ ರಾಶಿ ಸಂದೇಶಗಳನ್ನು ತಡೆಹಿಡಿಯಿತು. ಆದರೂ ಎರಡು ಮೂರು ದಿನಗಳಲ್ಲಿ ಸಾವಿರ ಸಾವಿರ ಜನ ರೈಲು ಹತ್ತಿದರು. ಹೋಟೆಲಿನ ಹುಡುಗರು, ಬ್ಯೂಟಿ ಪಾರ್ಲರಿನ ಹುಡುಗಿಯರು, ಸೆಕ್ಯೂರಿಟಿ ಕೆಲಸದವರು, ಓದಲು ಬಂದವರು. ಎಷ್ಟೋ ಅಡುಗೆಮನೆಗಳು ಆ ವಾರ ಖಾಲಿ ಆದವು.

ಈ ನಗರದಲ್ಲಿ ಥಾಯ್, ಚೈನೀಸ್, ಕೊರಿಯನ್ ಎಂದು ಬೋರ್ಡು ಇರುವ ಎಷ್ಟೋ ಹೋಟೆಲುಗಳಲ್ಲಿ ಬಡಿಸುವವರು, ಬೇಯಿಸುವವರು ಈಶಾನ್ಯದವರು, ನೇಪಾಳದವರು. ಅವರ ಮುಖ ಹೋಟೆಲಿನ ಬೋರ್ಡಿಗೆ ಹೊಂದುತ್ತದೆ ಎಂದು ಮಾಲೀಕರು ಅವರನ್ನೇ ಇಟ್ಟುಕೊಳ್ಳುವುದೂ ಉಂಟು. ಒಳಗೆ ಆ ಮುಖಕ್ಕೆ ಕೆಲಸ ಸಿಗುತ್ತದೆ. ಹೊರಗೆ ಬಸ್ಸಿನಲ್ಲಿ, ಬಾಡಿಗೆ ಮನೆ ಕೇಳುವಾಗ ಅದೇ ಮುಖಕ್ಕೆ 'ನೀನು ಎಲ್ಲಿಯವನು' ಎಂಬ ಪ್ರಶ್ನೆ ಬೀಳುತ್ತದೆ. ಬ್ಯಾಂಕಾಕಿನಲ್ಲಿ 1940ರ ದಶಕದಲ್ಲಿ ಆದದ್ದೂ ಇದೇ ಅಲ್ಲವೇ? ಶಾವಿಗೆ ಬೇಕು, ಶಾವಿಗೆ ತಂದವನ ಮೇಲೆ ಅನುಮಾನ.

ನಾನೂ ಅಂದು ಮಾಡಿದ್ದು ಅದನ್ನೇ. 'ಥಾಯ್ಲೆಂಡಿನವರಾ?' ಎಂದು ಕೇಳಿದ್ದು ಮುಖ ನೋಡಿಯೇ. ಅವನು ನಕ್ಕು ಸುಮ್ಮನಾದ. ದಿನಕ್ಕೆ ಎಷ್ಟು ಸಲ ಹಾಗೆ ನಗುತ್ತಾನೋ. 2023ರ ಮೇ ತಿಂಗಳಿಂದ ಮಣಿಪುರ ಹೊತ್ತಿ ಉರಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅವನ ಊರು ಎಲ್ಲಿ, ಮನೆಯವರು ಹೇಗಿದ್ದಾರೆ ಎಂದು ನಾನು ಕೇಳಲಿಲ್ಲ. ಬರ ಬಂದು ಊರು ಬಿಡುವುದು ನಮಗೆ ಗೊತ್ತು. ಮನೆ ಸುಟ್ಟು ಊರು ಬಿಡುವುದು ನಮಗೆ ಗೊತ್ತಿಲ್ಲ.

ಮರಳಿ ಸೊಕ್ಕೆಗೆ

ನಮ್ಮ ಕಡೆ ಗುಳೆ ನಿಲ್ಲಿಸುವ ಮಾತು ಹೊಸದಲ್ಲ. ಉದ್ಯೋಗ ಖಾತ್ರಿ ಕಾಯ್ದೆ 2006ರಲ್ಲಿ ಜಾರಿಗೆ ಬಂದಾಗ ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆರಿಸಿದ್ದು ಐದೇ ಜಿಲ್ಲೆ. ಅದರಲ್ಲಿ ದಾವಣಗೆರೆ ಒಂದು. ಮೊದಲ ಪಟ್ಟಿಯಲ್ಲೇ ಹೆಸರು ಬಂತೆಂದರೆ ಅದು ಹೆಮ್ಮೆಯ ಮಾತಲ್ಲ, ಎಷ್ಟು ಕಷ್ಟ ಇತ್ತು ಎಂಬುದರ ಲೆಕ್ಕ. ತುಂಗಭದ್ರೆಯಿಂದ ತಾಲ್ಲೂಕಿನ 57 ಕೆರೆಗಳಿಗೆ ನೀರು ತುಂಬಿಸುವ ಯೋಜನೆ ಬಂತು. ಭದ್ರಾ ಮೇಲ್ದಂಡೆಗೆ ದಶಕಗಳಿಂದ ಹೋರಾಟ ನಡೆದಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಕೊಡುವ ಘೋಷಣೆಯೂ ಆಯಿತು. ನೀರು ಬಂದರೆ ಗುಳೆ ತಗ್ಗುತ್ತದೆ. ತಗ್ಗಲಿ. ಮಳೆಗೆ ಹೆದರಿ ಯಾರೂ ಮನೆಗೆ ಬೀಗ ಹಾಕುವಂತಾಗಬಾರದು.

ಆದರೆ ನೀರು ಬಂದ ಮೇಲೂ ಜನ ಊರು ಬಿಟ್ಟು ಹೋಗುತ್ತಾರೆ, ಬೇರೆ ಊರಿನವರು ನಮ್ಮ ಊರಿಗೆ ಬರುತ್ತಾರೆ. ಜಗಳೂರಿನ ಬಸ್ ನಿಲ್ದಾಣದ ಸುತ್ತ ಸಂಜೆ ನಿಂತು ನೋಡಿ. ಮಂಡಕ್ಕಿ ಮೆಣಸಿನಕಾಯಿಯ ಪಕ್ಕದಲ್ಲೇ ಗೋಬಿ ಮಂಚೂರಿ ಗಾಡಿ, ಅದರ ಪಕ್ಕ ಪಾನಿಪುರಿ ಗಾಡಿ. ಬಾಣಲೆ ಚೀನಾದ್ದು, ಸಾಸ್ ಎಲ್ಲಿಯದೋ, ಮೆಣಸಿನಕಾಯಿ ಅಮೆರಿಕದಿಂದ ಬಂದು ಬ್ಯಾಡಗಿಯದಾದದ್ದು, ತಿನ್ನುವವರು ನಾವು. 'ನಮ್ಮ ಊಟ', 'ಅವರ ಊಟ' ಎಂದು ಗೆರೆ ಎಳೆಯುವವರು ಆ ಗಾಡಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಊರಿಗೆ ಬಂದಾಗ ಅವ್ವನಿಗೆ ಸೋಮ್ ತಾಮ್ ಮಾಡಿ ತೋರಿಸಿದೆ. ಹಿತ್ತಲ ಗಿಡದ ಹಸಿ ಪರಂಗಿಕಾಯಿ, ಹೊಲದ ಶೇಂಗಾ, ಹುಣಸೆಹುಳಿ, ಹಸಿಮೆಣಸಿನಕಾಯಿ, ಬೆಲ್ಲ. ಮೀನಿನ ಸಾರ ಇರಲಿಲ್ಲ, ಉಪ್ಪು ಹಾಕಿದೆ. ಅವ್ವನ ಒರಳಿನಲ್ಲೇ ಕುಟ್ಟಿದೆ. ಒಂದು ಚೂರು ಬಾಯಿಗೆ ಹಾಕಿಕೊಂಡು, 'ಖಾರ ಚೆನ್ನಾಗೈತೆ. ಬೆಲ್ಲ ಯಾಕೆ ಹಾಕಿದ್ಯೋ?' ಎಂದಳು. ರೊಟ್ಟಿ ತಂದು ಅದಕ್ಕೆ ಹಚ್ಚಿಕೊಂಡು ತಿಂದಳು.

ಅಪ್ಪ ಏನೂ ಹೇಳದೆ ತಿಂದ. ಹೋಟೆಲಿನ ಕತೆ, ಮಣಿಪುರದ ಹುಡುಗನ ಕತೆ ಎಲ್ಲ ಹೇಳಿದೆ. ಕೈ ತೊಳೆಯುತ್ತಾ ಒಂದೇ ಮಾತು ಕೇಳಿದ: 'ಅಡಿಗೆ ಮಾಡಿದ ಹುಡುಗ್ರು ಉಂಡಿದ್ರಾ?'

ಥಾಯ್ ಭಾಷೆಯಲ್ಲೂ ಎದುರು ಸಿಕ್ಕವರನ್ನು 'ಅನ್ನ ಉಂಡೆಯಾ?' ಎಂದು ಮಾತನಾಡಿಸುವ ರೂಢಿ ಇದೆ ಎಂದು ಓದಿದ್ದೆ. ನಮ್ಮ 'ಊಟ ಆತಾ?' ಇದ್ದ ಹಾಗೆಯೇ. ಆ ರಾತ್ರಿ ನಾವು ಬಿಲ್ಲು ಕೊಟ್ಟು ಏಳುವಾಗ ಹತ್ತೂವರೆ ಆಗಿತ್ತು. ಹುಡುಗ ಇನ್ನೂ ಮೇಜು ಒರೆಸುತ್ತಿದ್ದ.

'ಕೇಳಲಿಲ್ಲ' ಎಂದೆ ಅಪ್ಪನಿಗೆ.

'ಮುಂದಿನ ಸಲ ಹೋದ್ರೆ ಕೇಳು' ಎಂದ.